23ನೇ ದಿನ: ನನ್ನ ಎಸ್‌ಇಒ ಟೂಲ್ ‘ಅಕ್ಕಿ ರೊಟ್ಟಿ’ಯನ್ನು ಐದು ತುಂಡು ಮಾಡುತ್ತಿದೆ, ಮುಂದೆ ಯಾವುದನ್ನು ಕೈಗೆತ್ತಿಕೊಳ್ಳಲಿ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಒಬ್ಬನೇ ಕೂತು ಒಂದು ಎಸ್‌ಇಒ ಟೂಲ್ (ಸೈಟು ಗೂಗಲ್ ಹುಡುಕಾಟದಲ್ಲಿ ಚೆನ್ನಾಗಿ ಸಿಗಲು ನೆರವಾಗುವ ಸಾಧನ) ಕಟ್ಟುತ್ತಿದ್ದೇನೆ, ಇವತ್ತಿಗೆ 23 ದಿನ. ಕನ್ನಡದ ಸಣ್ಣ ವೆಬ್‌ಸೈಟ್ ನಡೆಸುವವರಿಗೆ ಇದು. ಅಡುಗೆ ಬ್ಲಾಗು, ತಾಲ್ಲೂಕಿನ ಸುದ್ದಿ ಪತ್ರಿಕೆ, ಅಡಿಕೆ ತೋಟದ ಬಗ್ಗೆ ಬರೆಯುವವರು, ಇಂಥವರು. ಸೈಟಿನ ವಿಳಾಸ ಕೊಟ್ಟರೆ ಪುಟಗಳನ್ನೆಲ್ಲ ಓದಬೇಕು, ಯಾವ ಪುಟ ಗೂಗಲ್‌ನಲ್ಲಿ ಸಿಗುತ್ತಿಲ್ಲ, ಯಾಕೆ ಸಿಗುತ್ತಿಲ್ಲ ಅಂತ ಕನ್ನಡದಲ್ಲೇ ಹೇಳಬೇಕು. ಹಳೇ ಕಾಂಟ್ರ್ಯಾಕ್ಟ್ ಕೆಲಸ ಮುಗಿದಿದೆ, ಹೊಸದು ಶುರುವಾಗಲು ಇನ್ನೂ 18 ದಿನ ಇದೆ. ಅಷ್ಟರೊಳಗೆ ನಾಲ್ಕು ಜನ ನಿಜವಾಗಿ ಬಳಸುವ ಹಾಗೆ ಮಾಡಬೇಕು ಅಂತ ಆಸೆ.

ದಿನಾ ರಾತ್ರಿ ಮಲಗುವ ಮುಂಚೆ ಅವತ್ತಿನ ಕೆಲಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದನ್ನೇ ನೋಡಿಕೊಂಡು ಹೇಳುತ್ತೇನೆ, ಆಗ ನಿಮಗೂ ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ.

ಮೊದಲ ನಾಲ್ಕು ದಿನ ಪುಟ ಓದುವ ಕ್ರಾಲರ್ ಬರೆಯುವುದರಲ್ಲೇ ಹೋಯಿತು. ಕೋಡ್ ಬರೆಯಲು ಪೈಥಾನ್, ಮಾಹಿತಿ ಇಡಲು ಎಸ್‌ಕ್ಯೂಲೈಟ್, ಒಂದು ಸಣ್ಣ ಬಾಡಿಗೆ ಸರ್ವರ್, ಅಷ್ಟೇ. 5ನೇ ದಿನ ಒಂದು ತಪ್ಪು ಮಾಡಿದೆ, ಇನ್ನೂ ಮನಸ್ಸಿಗೆ ಕಸಿವಿಸಿ ಇದೆ. ಪರಿಚಯದವರ ಒಂದು ಊರ ಪತ್ರಿಕೆಯ ಸೈಟನ್ನು ಅವರ ಒಪ್ಪಿಗೆ ಪಡೆದೇ ಓದಿಸುತ್ತಿದ್ದೆ, ಆದರೆ ವೇಗಕ್ಕೆ ಮಿತಿ ಹಾಕಿರಲಿಲ್ಲ. ಸೆಕೆಂಡಿಗೆ 20 ಪುಟ ಕೇಳುತ್ತಿತ್ತು. ಹತ್ತು ನಿಮಿಷಕ್ಕೆ ಅವರ ಸೈಟು ಕೂತಿತು. ಅವತ್ತು ಬೆಳಗ್ಗೆ ಅವರ ಊರಿನಲ್ಲಿ ಜಾತ್ರೆ, ಫೋಟೊ ನೋಡಲು ಜನ ಬರುವ ಹೊತ್ತು. ತಕ್ಷಣ ಫೋನ್ ಮಾಡಿ ಕ್ಷಮೆ ಕೇಳಿದೆ, ಕ್ರಾಲರ್ ನಿಲ್ಲಿಸಿದೆ. ಈಗ ಎರಡು ಸೆಕೆಂಡಿಗೆ ಒಂದೇ ಪುಟ, ಸರ್ವರ್ ನಿಧಾನವಾದರೆ ಇನ್ನೂ ನಿಧಾನ, ರಾತ್ರಿ 11ರ ನಂತರ ಮಾತ್ರ. ಯಂತ್ರಗಳು ಯಾವ ಪುಟ ಓದಬಹುದು ಅಂತ ಸೈಟಿನವರು ಬರೆದಿಡುವ ರೋಬಾಟ್ಸ್ ಫೈಲನ್ನು ಮೊದಲು ಓದದೆ ಒಂದು ಪುಟವನ್ನೂ ಮುಟ್ಟುವುದಿಲ್ಲ.

6ರಿಂದ 11ನೇ ದಿನದವರೆಗೆ ಮಾಮೂಲಿ ಕೆಲಸ. ಸೈಟ್‌ಮ್ಯಾಪ್ (ಸೈಟಿನ ಪುಟಗಳ ವಿಳಾಸದ ಪಟ್ಟಿ) ಓದುವುದು, ಒಂದು ಫೈಲಿನಲ್ಲಿ 50,000ಕ್ಕಿಂತ ಜಾಸ್ತಿ ವಿಳಾಸ ಇದೆಯಾ ನೋಡುವುದು, ಮುರಿದ ಲಿಂಕು, ಕ್ಯಾನಾನಿಕಲ್ (ಒಂದೇ ಥರದ ಪುಟಗಳಲ್ಲಿ ಮುಖ್ಯವಾದದ್ದು ಯಾವುದು ಅನ್ನುವ ಗುರುತು), ಎರಡೆರಡು ಪುಟಕ್ಕೆ ಒಂದೇ ಟೈಟಲ್. 9ನೇ ದಿನ ಒಂದು ಒಳ್ಳೆಯದಾಯಿತು. ಗೆಳೆಯನೊಬ್ಬನ ಕೃಷಿ ಸೈಟಿನಲ್ಲಿ ‘ನೋಇಂಡೆಕ್ಸ್’ ಅನ್ನುವ ಗುರುತು ಎಲ್ಲ ಪುಟದಲ್ಲೂ ಹಾಗೇ ಉಳಿದುಬಿಟ್ಟಿತ್ತು, ಸೈಟು ಕಟ್ಟುವಾಗ ಹಾಕಿದ್ದು ತೆಗೆಯಲು ಮರೆತಿದ್ದರು. ಒಂದೂವರೆ ವರ್ಷ ಬರೆದದ್ದು ಯಾವುದೂ ಗೂಗಲ್‌ಗೆ ಸೇರಿರಲಿಲ್ಲ. ಒಂದು ಟಿಕ್ ತೆಗೆದ. ಅವತ್ತು ಅವನ ಖುಷಿ ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

12ನೇ ದಿನ ಗೂಗಲ್ ಸೈಟಿನವರಿಗೆ ಕೊಡುವ ಸರ್ಚ್ ಕನ್ಸೋಲ್ ಜೋಡಿಸಿದೆ. ಜನ ಯಾವ ಪದ ಹಾಕಿ ಬಂದರು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಎಲ್ಲ ಅಲ್ಲಿಂದ ಬರುತ್ತದೆ. 19ನೇ ದಿನ ಬೆಳಗ್ಗೆ ಎದ್ದು ನೋಡಿದರೆ ಎಲ್ಲರ ಲಾಗಿನ್ ಕಳಚಿದೆ. ಅರ್ಧ ದಿನ ನನ್ನ ಕೋಡನ್ನೇ ಜಾಲಾಡಿದೆ. ಆಮೇಲೆ ನಿಯಮ ಓದಿದೆ: ಆಪ್ ‘ಟೆಸ್ಟಿಂಗ್’ ಸ್ಥಿತಿಯಲ್ಲಿದ್ದರೆ ಗೂಗಲ್ ಕೊಟ್ಟ ಟೋಕನ್ (ಲಾಗಿನ್‌ನ ಅನುಮತಿ ಚೀಟಿ) 7 ದಿನಕ್ಕೆ ಮುಗಿಯುತ್ತದೆ. ಹೊಸದಾಗಿ ಮಾಡುವವರು ಇದನ್ನು ಮೊದಲೇ ತಿಳಿದುಕೊಳ್ಳಿ, ಅರ್ಧ ದಿನ ಉಳಿಯುತ್ತದೆ.

ಈಗ ಅಸಲು ವಿಷಯ. 21 ಮತ್ತು 22ನೇ ದಿನ, ಪುಟದಲ್ಲಿ ಯಾವ ಪದ ಎಷ್ಟು ಸಲ ಇದೆ ಅಂತ ಎಣಿಸುವ ಭಾಗ ಬರೆದೆ. ಒಂದು ಅಡುಗೆ ಪುಟ ಕೊಟ್ಟು ನೋಡಿದೆ. ‘ಅಕ್ಕಿ ರೊಟ್ಟಿ’ ಎರಡು ಪದ ಅಲ್ವಾ? ನನ್ನ ಟೂಲ್ ಕೊಟ್ಟ ಉತ್ತರ: ‘ಅಕ’, ‘ಕ’, ‘ರ’, ‘ಟ’, ‘ಟ’. ಐದು. ಗುಡಿಸು ಇಲ್ಲ, ಒತ್ತು ಇಲ್ಲ. ಪುಟದ ಮುಖ್ಯ ಪದ ‘ಟ’ ಅಂತ ದೊಡ್ಡದಾಗಿ ತೋರಿಸಿತು. ಸೈಟಿನೊಳಗೆ ಹುಡುಕುವ ಪೆಟ್ಟಿಗೆಯಲ್ಲಿ ‘ಬೇಳೆ’ ಅಂತ ಹಾಕಿದರೆ ಬೇಳೆ ಸಾರಿನ ಜೊತೆ ಬಾಳೆಕಾಯಿ ಚಿಪ್ಸಿನ ಪುಟವೂ ಬರುತ್ತಿದೆ, ಅದರಲ್ಲಿ ‘ಬಾಳೆ’ ಅಂತ ಇದೆ, ಬೇಳೆ ಎಲ್ಲೂ ಇಲ್ಲ.

ಇನ್ನೊಂದು ಕಡೆ, ಇಲ್ಲಿಯವರೆಗೆ ತೋರಿಸಿದ ನಾಲ್ವರಲ್ಲಿ ಮೂವರು ಕೇಳಿದ್ದು ಒಂದೇ ಮಾತು: ‘ನಂದು ಎಷ್ಟನೇ ಸ್ಥಾನದಲ್ಲಿದೆ ಅಂತ ದಿನಾ ಹೇಳುತ್ತಾ?’ ಅಂದರೆ ಸ್ಥಾನ ತೋರಿಸುವ ಟ್ರ್ಯಾಕರ್ ಬೇಕು. ಅದಿಲ್ಲದೆ ಎಸ್‌ಇಒ ಟೂಲ್ ಅಂತ ಯಾರೂ ಒಪ್ಪುವುದಿಲ್ಲ ಅಂತಾರೆ.

18 ದಿನದಲ್ಲಿ ಎರಡೂ ಆಗುವುದಿಲ್ಲ. ಟ್ರ್ಯಾಕರ್ ಮಾಡಲಾ, ಇಲ್ಲ ಕನ್ನಡ ಪದದ ಗಂಟನ್ನು ಬಿಚ್ಚಲಾ? ಹಾಗೇ ಟೈಟಲ್ ಉದ್ದ ಅಳೆಯುವುದು ಹೇಗೆ ಅಂತಲೂ ಗೊತ್ತಿದ್ದವರು ಹೇಳಿ. ಎಲ್ಲ ಕಡೆ ‘60 ಅಕ್ಷರ’ ಅಂತಾರೆ. ‘ಸ್ತ್ರೀ’ ನಮಗೆ ಒಂದಕ್ಷರ, ಪೈಥಾನ್ 6 ಅನ್ನುತ್ತದೆ.

ತುಂಗಾತೀರ

ಪದದ್ದು ಮೊದಲು. ನಿಮ್ಮ ಗಂಟು ದೊಡ್ಡದಲ್ಲ, ಒಂದು ದಿನದ ಕೆಲಸ, ಆದರೆ ಅದು ಎರಡು ಕಡೆ ಇದೆ, ಒಂದನ್ನು ಬಿಚ್ಚಿ ಎಲ್ಲ ಆಯಿತು ಅಂದುಕೊಳ್ಳಬೇಡಿ.

ಪೈಥಾನ್‌ನ ಜೊತೆಗೇ ಬರುವ ರೆಜೆಕ್ಸ್‌ನಲ್ಲಿ (ಅಕ್ಷರದ ಮಾದರಿ ಹುಡುಕುವ ಸಾಧನ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಅಂದರೆ ‘ಪದದ ಅಕ್ಷರ’ ಅನ್ನುವ ಗುರುತು, ಹಾಕಿ ಪದ ಒಡೆಯುತ್ತಿದ್ದೀರಿ ಅನ್ನಿಸುತ್ತದೆ. ಅದಕ್ಕೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಪದದ ಭಾಗ. ನಮ್ಮ ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತು ಮೂಡಿಸುವ ಹಲಂತ, ಇವೆಲ್ಲ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಪದ್ಧತಿ) ಲೆಕ್ಕದಲ್ಲಿ ‘ಮಾರ್ಕ್’ ಅನ್ನುವ ಬೇರೆ ಗುಂಪು. ಹಾಗಾಗಿ ಪ್ರತಿ ಗುಡಿಸಿನ ಹತ್ತಿರವೂ ಪದ ಮುಗಿಯಿತು ಅಂತ ಕತ್ತರಿಸುತ್ತದೆ. ‘ಮೈಸೂರು’ ಹಾಕಿ ನೋಡಿ, ‘ಮ’, ‘ಸ’, ‘ರ’ ಬರುತ್ತದೆ. ಹೆಸರಲ್ಲೇ ‘ರೆಜೆಕ್ಸ್’ ಅಂತ ಇರುವ ಬೇರೆ ಲೈಬ್ರರಿ ಇದೆ, ಅದನ್ನು ಹಾಕಿಕೊಂಡರೆ ಮಾರ್ಕ್‌ಗಳೂ ಪದದೊಳಗೇ ಉಳಿಯುತ್ತವೆ.

ಬೇಳೆಗೆ ಬಾಳೆ ಬರುತ್ತಿರುವುದು ಎಸ್‌ಕ್ಯೂಲೈಟಿನಲ್ಲಿ ಪದ ಹುಡುಕುವ ಭಾಗವಾದ ಎಫ್‌ಟಿಎಸ್5ನಿಂದ. ಅದರ ‘ಯೂನಿಕೋಡ್61’ ಅನ್ನುವ ಟೋಕನೈಸರ್ (ಪದ ಒಡೆಯುವ ಭಾಗ) ಕೂಡ ಹೇಳದಿದ್ದರೆ ಇದೇ ತಪ್ಪು ಮಾಡುತ್ತದೆ. ಎರಡೂ ಪದ ಅದಕ್ಕೆ ‘ಬ’ ಆಮೇಲೆ ‘ಳ’. ‘ಬಿಳಿ’ ಹಾಕಿದರೂ ಅವೇ ಪುಟ ಬರಬೇಕು, ಬೇಕಾದರೆ ನೋಡಿ. ಟೇಬಲ್ ಮಾಡುವಾಗ ‘ಕೆಟಗರೀಸ್’ ಅನ್ನುವ ಆಯ್ಕೆಯಲ್ಲಿ ಮಾರ್ಕ್ ಗುಂಪನ್ನೂ ಸೇರಿಸಿ. ಹಳೇ ಟೇಬಲ್‌ಗೆ ಸೇರಿಸಲಾಗುವುದಿಲ್ಲ, ಹೊಸದು ಮಾಡಿ ಪುಟಗಳನ್ನು ಮತ್ತೆ ತುಂಬಬೇಕು.

ಇವೆರಡು ಆದ ಮೇಲೆ ಇನ್ನೊಂದು ಮೆಟ್ಟಿಲು ಇದೆ, ಅಲ್ಲಿ ಜಾಸ್ತಿ ಜನ ಎಡವುತ್ತಾರೆ. ‘ಕೊ’ ಅನ್ನುವುದನ್ನು ಒಂದೇ ಗುರುತಿನಿಂದಲೂ ಬರೆಯಬಹುದು, ಎರಡು ಗುರುತು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಪುಟ ಓದಿದ ತಕ್ಷಣ ಎನ್‌ಎಫ್‌ಸಿ ಅನ್ನುವ ಯೂನಿಕೋಡ್ ರೂಪಕ್ಕೆ ತಂದುಬಿಡಿ, ಎಲ್ಲ ಒಂದೇ ರೂಪಕ್ಕೆ ಬರುತ್ತದೆ. ಆದರೆ ಕಣ್ಣಿಗೆ ಕಾಣದ ಇನ್ನೆರಡು ಅಕ್ಷರ ಇವೆ, ಜೀರೊ ವಿಡ್ತ್ ಜಾಯ್ನರ್ ಮತ್ತು ನಾನ್‌ಜಾಯ್ನರ್. ಅವು ಎನ್‌ಎಫ್‌ಸಿಗೆ ಬಗ್ಗುವುದಿಲ್ಲ. ‘ಫೇಸ್‌ಬುಕ್’ ಅಂತ ಒತ್ತು ಬಾರದ ಹಾಗೆ ಬರೆದವರು ನಡುವೆ ಒಂದನ್ನು ಹಾಕಿರುತ್ತಾರೆ, ‘ಫೇಸ್ಬುಕ್’ ಬರೆದವರು ಹಾಕಿರುವುದಿಲ್ಲ. ಸ್ಥಾನಕ್ಕೆ ಎಲ್ಲರೂ ಹೇಳುವ ರ‍್ಯಾಂಕ್ ಅನ್ನುವ ಪದವನ್ನೇ ತೆಗೆದುಕೊಳ್ಳಿ. ‘ರ್ಯಾಂಕ್’ ಅಂತ ಅರ್ಕಾವತ್ತು ಹಾಕಿದವರು ಒಂದು ಕಡೆ, ‘ರ‍್ಯಾಂಕ್’ ಅಂತ ಜಾಯ್ನರ್ ಹಾಕಿ ಯ ಒತ್ತು ಬರಿಸಿದವರು ಇನ್ನೊಂದು ಕಡೆ. ಎರಡೂ ಒಂದೇ ಪದ ಅಂತ ನಿಮ್ಮ ಟೂಲ್‌ಗೆ ಗೊತ್ತಾಗಬೇಕಾದರೆ ಎಣಿಸುವ ಪ್ರತಿಯಲ್ಲಿ ಈ ಎರಡನ್ನೂ ತೆಗೆಯಿರಿ. ತೋರಿಸುವ ಪ್ರತಿಯಲ್ಲಿ ಮಾತ್ರ ಮುಟ್ಟಬೇಡಿ, ಬರೆದವರು ಹೇಗೆ ಬರೆದರೋ ಹಾಗೇ ಇರಲಿ.

ಟೈಟಲ್ ಉದ್ದಕ್ಕೆ 60 ಅನ್ನುವುದನ್ನು ಬಿಟ್ಟುಬಿಡಿ. ಗೂಗಲ್ ಅಂಥ ಅಂಕಿ ಹೇಳಿಲ್ಲ, ಪರದೆಯಲ್ಲಿ ಎಷ್ಟು ಅಗಲ ಹಿಡಿಯುತ್ತದೋ ಅಲ್ಲಿಗೆ ಕತ್ತರಿಸುತ್ತದೆ. ಬ್ರೌಸರ್‌ನ ಕ್ಯಾನ್ವಾಸಿನಲ್ಲಿ ಅಕ್ಷರ ಬರೆದು ಅದರ ಅಗಲ ಅಳೆಯುವ ಸೌಲಭ್ಯ ಇದೆ. ಕನ್ನಡ ಫಾಂಟ್ ಹಾಕಿ ಅಳೆಯಿರಿ. ಒತ್ತಕ್ಷರ ಕೆಳಗೆ ಹೋಗುತ್ತದೆ, ಅಗಲ ಅಷ್ಟು ತಿನ್ನುವುದಿಲ್ಲ, ಹಾಗಾಗಿ ಎಣಿಕೆಯಲ್ಲಿ ಉದ್ದ ಅನ್ನಿಸಿದ ಟೈಟಲ್ ನಿಜಕ್ಕೂ ಪೂರ್ತಿ ಕಾಣಬಹುದು.

ಅಪ್ಪೆಮಿಡಿ

ನಾನು ಕೋಡ್ ಬರೆಯುವವಳಲ್ಲ. ಶಿರಸಿ ಕಡೆಯವಳು, ಆರು ವರ್ಷದಿಂದ ಅಡುಗೆ ಬ್ಲಾಗ್ ಇದೆ, 300ಕ್ಕೂ ಜಾಸ್ತಿ ಅಡುಗೆ ಬರೆದಿದ್ದೇನೆ. ನೀವು ಯಾರಿಗೋಸ್ಕರ ಮಾಡುತ್ತಿದ್ದೀರೋ ಅವರಲ್ಲಿ ನಾನೂ ಒಬ್ಬಳು ಅಂತ ಬರೆಯುತ್ತಿದ್ದೇನೆ ತಮ್ಮಾ.

ಎಷ್ಟನೇ ಸ್ಥಾನ ಅಂತ ನೋಡುವ ಟೂಲ್ ಒಂದಕ್ಕೆ ಹಿಂದೆ ದುಡ್ಡು ಕಟ್ಟಿದ್ದೆ. ಎಂಟು ತಿಂಗಳು ದಿನಾ ಬೆಳಗ್ಗೆ ನೋಡಿದೆ. ಇವತ್ತು 7, ನಾಳೆ 9, ನಾಡಿದ್ದು 6. ಅದನ್ನು ನೋಡಿ ನಾನು ಏನು ಮಾಡಬೇಕು? ಅದನ್ನು ಯಾರೂ ಹೇಳಲಿಲ್ಲ. 9 ಬಂದ ದಿನ ಬೇಜಾರಾಗುತ್ತಿತ್ತು, ಅಷ್ಟೇ.

ನನ್ನ ತೊಂದರೆ ಬೇರೆ. ನಾನು ‘ತಂಬುಳಿ’ ಅಂತ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಹೇಳುವುದು ‘ತಂಬ್ಳಿ’. ಹುಡುಕುವವರಲ್ಲಿ ಒಂದಷ್ಟು ಜನ ಹಾಗೇ ಹುಡುಕುತ್ತಾರೆ. ‘ಪತ್ರೊಡೆ’, ‘ಪತ್ರಡೆ’, ‘ಪತ್ರೋಡೆ’, ಇನ್ನು ಹೆಸರು ಗೊತ್ತಿಲ್ಲದವರು ‘ಕೆಸುವಿನ ಎಲೆ ತಿಂಡಿ’. ‘ಅಪ್ಪೆಹುಳಿ’ ಸೇರಿಸಿ ಬರೆದವರು, ‘ಅಪ್ಪೆ ಹುಳಿ’ ಬಿಡಿಸಿ ಬರೆದವರು. ಇವೆಲ್ಲಕ್ಕಿಂತ ಜಾಸ್ತಿ ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅದರಲ್ಲಿ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ನನ್ನ ಮಗಳೇ ಫೋನಿನಲ್ಲಿ ಹಾಗೆ ಹುಡುಕುತ್ತಾಳೆ, ಕನ್ನಡ ಕೀಬೋರ್ಡ್ ಇದ್ದರೂ.

ಸರ್ಚ್ ಕನ್ಸೋಲ್ ತೆರೆದರೆ ಈ ಪದಗಳೆಲ್ಲ ಚೆಲ್ಲಾಪಿಲ್ಲಿ ಬಿದ್ದಿರುತ್ತವೆ. ಒಂದು ಸಾಲಿನಲ್ಲಿ 40, ಇನ್ನೊಂದರಲ್ಲಿ 25, ಇಂಗ್ಲಿಷಿನದು ನಾಲ್ಕು ಸಾಲು. ಕೈಯಲ್ಲಿ ಕೂಡಿಸಿದರೆ ಮಾತ್ರ ಗೊತ್ತಾಗುವುದು, ಅಯ್ಯೋ, ಈ ತಿಂಗಳು ತಂಬುಳಿ ಕೇಳಿದವರೇ ಎಲ್ಲರಿಗಿಂತ ಜಾಸ್ತಿ ಅಂತ. ಕಳೆದ ಬೇಸಿಗೆಯಲ್ಲಿ ನಾನು ಹಾಗೆ ಪೆನ್ನು ಹಿಡಿದು ಕೂಡಿಸಿದ್ದೆ, ಎರಡು ಮಧ್ಯಾಹ್ನ ಹೋಯಿತು. ಒಂದೆಲಗದ ತಂಬುಳಿ ಬಗ್ಗೆ ಎರಡು ಬೇರೆ ಬೇರೆ ಪುಟ ಬರೆದಿದ್ದೇನೆ ಅಂತ ಆಗ ಗೊತ್ತಾಯಿತು. ಒಂದು 2020ರದ್ದು, ಇನ್ನೊಂದು 2023ರದ್ದು. ಒಂದಕ್ಕೊಂದು ಅಡ್ಡ ನಿಂತಿವೆ.

ಇದನ್ನು ಕೂಡಿಸಿ ಕೊಡುವ ಟೂಲ್ ಬೇಕು. ‘ಇವೆಲ್ಲ ಒಂದೇ ಅಡುಗೆ, ಇದಕ್ಕೆ ನಿಮ್ಮ ಹತ್ತಿರ ಎರಡು ಪುಟ ಇದೆ, ಜನ ಹೀಗೆ ಕೇಳುತ್ತಿದ್ದಾರೆ’ ಅಂತ ಕನ್ನಡದಲ್ಲಿ ಹೇಳಲಿ ಸಾಕು. ಇದಕ್ಕೆ ನಾನು ದುಡ್ಡು ಕೊಡುತ್ತೇನೆ.

ಇನ್ನೊಂದು, ತುಂಗಾತೀರ ಅವರಿಗೆ ಗೊತ್ತಿರಬಹುದು. ‘ಮಲೆನಾಡಿನ ಕೆಸುವಿನ ಎಲೆ ಪತ್ರೊಡೆ ಮಾಡುವ ವಿಧಾನ’ ಅಂತ ಹೆಸರಿಟ್ಟರೆ ವಿಳಾಸದಲ್ಲಿ ‘ಮಲೆನಾಡಿನ ಕೆಸುವಿನ ಎಲೆ ಪತ್’ ಅಂತ ನಿಂತುಬಿಡುತ್ತದೆ. ಪತ್ರೊಡೆಯೇ ಇಲ್ಲ! ನಾನೇನು ತಪ್ಪು ಮಾಡಿದೆ?

ತುಂಗಾತೀರ

ನೀವೇನೂ ತಪ್ಪು ಮಾಡಿಲ್ಲ ಅಕ್ಕಾ. ನಿಮ್ಮ ಬ್ಲಾಗ್ ನಡೆಯುವುದು ವರ್ಡ್‌ಪ್ರೆಸ್‌ನಲ್ಲಿ ಇರಬೇಕು. ಅದರಲ್ಲಿ ವಿಳಾಸದ ಈ ತುಂಡಿಗೆ 200 ಜಾಗ ಮಾತ್ರ. ಕನ್ನಡದ ಒಂದೊಂದು ಗುರುತೂ ಯುಟಿಎಫ್-8ರಲ್ಲಿ 3 ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆ ಹಾಕಿ ಬರೆದಾಗ 9 ಜಾಗ ಹಿಡಿಯುತ್ತದೆ. ‘ಮೈಸೂರು’ ಅಂತ ಬರೆದರೆ ಗುರುತು 6, ಅಂದರೆ 54 ಜಾಗ ಹೋಯಿತು. ಹಾಗಾಗಿ 22 ಗುರುತು ಆಗುವಷ್ಟರಲ್ಲಿ 200 ತುಂಬುತ್ತದೆ. ಪತ್ರೊಡೆಯ ಪ, ತ, ಹಲಂತ ಹಿಡಿಸಿದವು, ರ ಹಿಡಿಸಲಿಲ್ಲ. ಮುಖ್ಯ ಪದವನ್ನು ಮೊದಲು ಬರೆಯಿರಿ, ‘ಪತ್ರೊಡೆ ಮಾಡುವ ವಿಧಾನ’ ಅಂತ ಚಿಕ್ಕದಾಗಿ ಇಡಿ. ಹಳೇ ಪುಟದ ವಿಳಾಸ ಮಾತ್ರ ಸುಮ್ನೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೇದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ಹಳೇ ವಿಳಾಸಕ್ಕೆ ಬಂದವರನ್ನು ಅದು ತಾನಾಗಿ ಹೊಸದಕ್ಕೆ ಕಳಿಸುತ್ತದೆ.

ಬೆಣ್ಣೆನಗರಿ, ಇದನ್ನು ನೀವೂ ಗಮನಿಸಿ. ಈ ವಿಳಾಸಗಳಲ್ಲಿ ಇಂಗ್ಲಿಷ್ ಅಕ್ಷರ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು ಇರುತ್ತದೆ. ಸರ್ಚ್ ಕನ್ಸೋಲಿನ ವಿಳಾಸವನ್ನೂ ನಿಮ್ಮ ಕ್ರಾಲರಿನ ವಿಳಾಸವನ್ನೂ ಹಾಗೇ ಹೋಲಿಸಿದರೆ ಒಂದೇ ಪುಟ ಎರಡಾಗುತ್ತದೆ. ಎರಡನ್ನೂ ಬಿಚ್ಚಿ ಕನ್ನಡ ಮಾಡಿಕೊಂಡು ಆಮೇಲೆ ಹೋಲಿಸಿ.

ಪುಣೆಕನ್ನಡಿಗ

ಟ್ರ್ಯಾಕರ್ ಬೇಡ. ಹತ್ತು ವರ್ಷ ಏಜೆನ್ಸಿಯಲ್ಲಿ ಇದೇ ಕೆಲಸ ಮಾಡಿದ್ದೇನೆ, ನಾವೇ ಒಳಗಿನ ಬಳಕೆಗೆ ಒಂದನ್ನು ಕಟ್ಟಿ, ಆಮೇಲೆ ಮುಚ್ಚಿದ್ದೇವೆ. ಅದಕ್ಕೆ ಹೇಳುತ್ತಿದ್ದೇನೆ.

ಸ್ಥಾನ ತಿಳಿಯಲು ಗೂಗಲ್ ಫಲಿತಾಂಶದ ಪುಟವನ್ನೇ ಯಂತ್ರದಿಂದ ಓದಿಸಬೇಕು. ಅದಕ್ಕೆ ಅವರ ನಿಯಮದಲ್ಲಿ ಒಪ್ಪಿಗೆ ಇಲ್ಲ, ತಡೆಯುತ್ತಾರೆ, ತಡೆ ದಾಟಲು ಪ್ರಾಕ್ಸಿಗೆ, ಅಂದರೆ ನಮ್ಮ ಬದಲು ಕೇಳುವ ಬೇರೆ ಸರ್ವರ್‌ಗಳಿಗೆ, ದುಡ್ಡು ಸುರಿಯಬೇಕು. ಮೊದಲು ವಿಳಾಸದ ಕೊನೆಗೆ ಒಂದು ಅಂಕಿ ಸೇರಿಸಿದರೆ 100 ಫಲಿತಾಂಶ ಒಂದೇ ಸಲ ಬರುತ್ತಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಅದೂ ನಿಂತಿತು. ಈಗ ಅದೇ 100ಕ್ಕೆ ಹತ್ತು ಸಲ ಕೇಳಬೇಕು. ದೊಡ್ಡ ಕಂಪನಿಗಳೇ ಲೆಕ್ಕ ಬದಲಿಸಿಕೊಂಡವು, ಒಬ್ಬರೇ ಕೂತು ಮಾಡುವವರಿಗೆ ಆ ಖರ್ಚು ತಡೆಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಬರುವ ಅಂಕಿ ನಿಜವಲ್ಲ. ಶಿರಸಿಯಲ್ಲಿ ಕೂತು ನೋಡಿದವರಿಗೆ ಒಂದು, ಬೆಂಗಳೂರಿನಲ್ಲಿ ಇನ್ನೊಂದು.

ಸರ್ಚ್ ಕನ್ಸೋಲ್ ಸರಾಸರಿ ಸ್ಥಾನ ಕೊಡುತ್ತದೆ, ಅದು ಅವರದೇ ಲೆಕ್ಕ, ಅದನ್ನೇ ವಾರಕ್ಕೊಮ್ಮೆ ತೋರಿಸಿ. ಅದರ ಎಪಿಐನಲ್ಲಿ (ಕೋಡ್ ನೇರವಾಗಿ ಮಾಹಿತಿ ಕೇಳುವ ದಾರಿ) ಒಂದು ಸಲಕ್ಕೆ 25,000 ಸಾಲಿನವರೆಗೆ ಬರುತ್ತದೆ, ಹಿಂದಿನ 16 ತಿಂಗಳದ್ದು ಸಿಗುತ್ತದೆ. ಅಂದರೆ ಈ ಬೇಸಿಗೆಯನ್ನು ಹೋದ ಬೇಸಿಗೆ ಜೊತೆ ಇಟ್ಟು ನೋಡಬಹುದು, ಅಪ್ಪೆಮಿಡಿ ಅವರ ತಂಬುಳಿಗೆ ಅದೇ ತಾನೇ ಬೇಕಾಗಿರುವುದು. ಇವತ್ತಿಂದಲೇ ಎಳೆದು ನಿಮ್ಮ ಹತ್ತಿರ ಜೋಪಾನ ಮಾಡಿ, 16 ತಿಂಗಳು ದಾಟಿದ್ದು ಮತ್ತೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ತುಂಬಾ ಕಡಿಮೆ ಜನ ಕೇಳಿದ ಪದಗಳನ್ನು ಗೂಗಲ್ ಮುಚ್ಚಿಡುತ್ತದೆ, ಹುಡುಕಿದವರ ಗುರುತು ಸಿಗಬಾರದು ಅಂತ. ಕನ್ನಡದ ಸಣ್ಣ ಸೈಟಿನಲ್ಲಿ ಇಂಥ ಮುಚ್ಚಿದ ಪಾಲು ಜಾಸ್ತಿ ಇರುತ್ತದೆ. ಪದಗಳ ಸಾಲನ್ನು ಕೂಡಿಸಿದರೆ ಒಟ್ಟು ಕ್ಲಿಕ್ಕಿಗೆ ತಾಳೆಯಾಗುವುದಿಲ್ಲ. ಬಳಸುವವರು ‘ನಿಮ್ಮ ಲೆಕ್ಕ ತಪ್ಪು’ ಅಂತ ಫೋನ್ ಮಾಡುತ್ತಾರೆ. ಉಳಿದದ್ದನ್ನು ‘ಪದ ಗೊತ್ತಾಗದ ಕ್ಲಿಕ್ಕುಗಳು’ ಅಂತ ಒಂದು ಸಾಲಿನಲ್ಲಿ ನೇರವಾಗಿ ತೋರಿಸಿಬಿಡಿ.

ಇಂಗ್ಲಿಷ್ ಅಕ್ಷರದ ಹುಡುಕಾಟ ಕೂಡಿಸುವಾಗ ಊರ ಹೆಸರು ಮರೆಯಬೇಡಿ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಣೆಗೆ ಬಂತು, ಆದರೆ ಜನ ಇನ್ನೂ ಹುಬ್ಳಿ, ಬೆಳಗಾಂ, ಶಿಮೊಗ ಅಂತಲೂ ಹಾಕುತ್ತಾರೆ. ಕನ್ನಡದಲ್ಲಿ ಮೊದಲಿಂದಲೂ ಹುಬ್ಬಳ್ಳಿಯೇ. ಈ 12ಕ್ಕೆ ಕೈಯಲ್ಲೇ ಪಟ್ಟಿ ಮಾಡಿ, ಒಂದು ಗಂಟೆಯ ಕೆಲಸ.

ಎಂಸಿಎ_ಎರಡನೇಸೆಮ್

ಅಣ್ಣಾ, ಒಂದು ಪ್ರಶ್ನೆ. ನಮ್ಮ ಊರಿನ ಹಳೇ ಮಾಸಪತ್ರಿಕೆಯ ಸೈಟ್ ಇದೆ, ನುಡಿ ಫಾಂಟಿನಲ್ಲಿ ಮಾಡಿದ್ದು. ಪುಟದಲ್ಲಿ ಕನ್ನಡ ಕಾಣುತ್ತದೆ, ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರ ಗಿಜಿಗಿಜಿ ಬರುತ್ತದೆ. ಇಂಥದ್ದನ್ನು ನಿಮ್ಮ ಟೂಲ್ ಗುರುತಿಸುತ್ತದಾ? ನಮ್ಮ ಅಜ್ಜನ ಲೇಖನ ಅದರಲ್ಲಿದೆ, ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ.

ಬೆಣ್ಣೆನಗರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಪ್ಪೆಮಿಡಿ ಅಕ್ಕ ಬರೆದದ್ದನ್ನು ಮೂರು ಸಲ ಓದಿದೆ. ಟ್ರ್ಯಾಕರ್ ಕೈಬಿಟ್ಟೆ. ಅದಕ್ಕೆ ಅಂತ ಗೋಡೆಗೆ ಅಂಟಿಸಿದ್ದ ಚೀಟಿಯನ್ನೂ ತೆಗೆದೆ.

24ನೇ ದಿನ ಪದ ಒಡೆಯುವುದು ಸರಿಯಾಯಿತು. ‘ಅಕ್ಕಿ ರೊಟ್ಟಿ’ ಎರಡೇ ಪದ. ತುಂಗಾತೀರ ಸರ್ ಹೇಳಿದ ಹಾಗೆ ‘ಬಿಳಿ’ ಹಾಕಿ ನೋಡಿದ್ದೆ, ಹಳೇ ಟೇಬಲಿನಲ್ಲಿ ನಿಜವಾಗಿಯೂ ಬೇಳೆ ಸಾರು ಬಂತು. ಟೇಬಲ್ ಹೊಸದು ಮಾಡಿ 1,140 ಪುಟ ಮತ್ತೆ ತುಂಬಿದೆ, ಈಗ ಬೇಳೆಗೆ ಬೇಳೆ ಮಾತ್ರ.

25ನೇ ದಿನ ಕರೆಂಟಿಲ್ಲ, ಸಂಜೆ ಊರ ಹೆಸರಿನ ಪಟ್ಟಿ ಮಾತ್ರ ಮಾಡಿದೆ.

26 ಮತ್ತು 27 ಎರಡೂ ದಿನ ಪದ ಕೂಡಿಸುವುದರಲ್ಲಿ ಹೋದವು. ಮೊದಲು ವಿಭಕ್ತಿ ಬಾಲ ಕತ್ತರಿಸಲು ಹೋದೆ, ಮನೆಯಲ್ಲಿ, ಮನೆಗೆ, ಮನೆಯಿಂದ ಎಲ್ಲ ‘ಮನೆ’ ಆಗಲಿ ಅಂತ. ‘ಗೆ’ ಕತ್ತರಿಸು ಅಂದರೆ ‘ಅಡುಗೆ’ಯೂ ‘ಅಡು’ ಆಯಿತು, ‘ಮಲ್ಲಿಗೆ’ ‘ಮಲ್ಲಿ’ ಆಯಿತು. ಯಂತ್ರದ ಕೈಗೆ ಬಿಟ್ಟರೆ ಭಾಷೆ ಕೆಡುತ್ತದೆ. ಈಗ ಬೇರೆ ರೀತಿ ಮಾಡಿದ್ದೇನೆ. ಒಂದೇ ಪುಟಕ್ಕೆ ಜನರನ್ನು ಕರೆತಂದ ಪದಗಳನ್ನೆಲ್ಲ, ಕನ್ನಡದ್ದು ಇಂಗ್ಲಿಷ್ ಅಕ್ಷರದ್ದು ಎರಡನ್ನೂ, ಒಂದು ಬುಟ್ಟಿಗೆ ಹಾಕಿ ತೋರಿಸುತ್ತದೆ. ಇವು ಒಂದೇನಾ ಅಂತ ಸೈಟಿನವರನ್ನೇ ಕೇಳುತ್ತದೆ. ಹೌದು ಅಂದರೆ ನೆನಪಿಟ್ಟುಕೊಳ್ಳುತ್ತದೆ. ತಂಬುಳಿ ಮತ್ತು ತಂಬ್ಳಿ ಒಂದೇ ಅಂತ ನನಗಿಂತ ಅಕ್ಕನಿಗೆ ಚೆನ್ನಾಗಿ ಗೊತ್ತು.

ಎಂಸಿಎ ತಮ್ಮಾ, ನಿನ್ನದನ್ನು 28ನೇ ದಿನ ಸೇರಿಸಿದೆ. ಪುಟದಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಿನ ಹೆಸರಿದ್ದು, ಯೂನಿಕೋಡ್ ಕನ್ನಡದ ಒಂದಕ್ಷರವೂ ಇಲ್ಲದಿದ್ದರೆ ‘ಈ ಪುಟದ ಕನ್ನಡ ಸರ್ಚ್ ಎಂಜಿನ್‌ಗಳಿಗೆ ಕಾಣುವುದಿಲ್ಲ, ಯೂನಿಕೋಡ್‌ಗೆ ಬದಲಿಸಿ’ ಅಂತ ಹೇಳುತ್ತದೆ. ಬದಲಿಸಲು ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರ ಒಂದೊಂದು ಕಡೆ ಹೆಚ್ಚುಕಡಿಮೆ ಆಗುತ್ತದೆ, ಅಜ್ಜನ ಲೇಖನವನ್ನು ಕೂತು ಒಂದು ಸಲ ಓದಿ ತಿದ್ದು. ಸಿಕ್ಕಿಕೊಂಡರೆ ನನಗೆ ಕಳಿಸು, ಇಬ್ಬರೂ ಸೇರಿ ಮಾಡೋಣ.

ನಿನ್ನೆ ರಾತ್ರಿ, ಅಂದರೆ 29ನೇ ದಿನ, ಅಕ್ಕನ ಸೈಟನ್ನು ಅವರ ಒಪ್ಪಿಗೆ ಪಡೆದು ಓದಿಸಿದೆ. ಎರಡು ಸೆಕೆಂಡಿಗೆ ಒಂದು ಪುಟ, 340 ಪುಟಕ್ಕೆ ಹನ್ನೊಂದೂವರೆ ನಿಮಿಷ. ತಂಬುಳಿಯ ಬುಟ್ಟಿಯಲ್ಲಿ 14 ಬಗೆಯ ಬರವಣಿಗೆ ಸಿಕ್ಕಿತು, ಅದರಲ್ಲಿ 9 ಇಂಗ್ಲಿಷ್ ಅಕ್ಷರದವು. ಒಂದೆಲಗದ ಎರಡು ಪುಟವನ್ನೂ ಅದೇ ಹಿಡಿದು ತೋರಿಸಿತು. ಜೊತೆಗೆ ದಾಳಿಂಬೆ ಸಿಪ್ಪೆ ತಂಬುಳಿಯ ಪುಟಕ್ಕೆ ಸೈಟಿನ ಬೇರೆ ಯಾವ ಪುಟದಿಂದಲೂ ಲಿಂಕ್ ಇಲ್ಲ ಅಂತಲೂ ಹೇಳಿತು.

ಅಪ್ಪೆಮಿಡಿ

ಹೌದು! ದಾಳಿಂಬೆ ಸಿಪ್ಪೆಯದ್ದು ಬರೆದಿದ್ದೇ ಮರೆತಿದ್ದೆ. ಇವತ್ತು ಬೆಳಗ್ಗೆ ತಂಬುಳಿಗಳ ಪಟ್ಟಿಯ ಪುಟಕ್ಕೆ ಸೇರಿಸಿದೆ. ಒಂದೆಲಗದ ಎರಡು ಪುಟ ಸೇರಿಸಿ ಒಂದು ಮಾಡಿದೆ, ಹಳೇದರಿಂದ ರೀಡೈರೆಕ್ಟ್ ಹಾಕಿದೆ. ಮೊದಲ ಸಾಲಿನಲ್ಲೇ ‘ನಮ್ಮ ಕಡೆ ತಂಬ್ಳಿ ಅಂತಲೂ ಹೇಳುತ್ತಾರೆ’ ಅಂತ ಬರೆದೆ, ಅದು ನಿಜವೂ ಹೌದಲ್ವಾ.

ಒಂದು ತಿದ್ದುಪಡಿ ಇದೆ ತಮ್ಮಾ. ನಿಮ್ಮ ಬುಟ್ಟಿ ‘ಅಪ್ಪೆಹುಳಿ’ ಮತ್ತು ‘ಮಾವಿನಕಾಯಿ ಗೊಜ್ಜು’ ಒಂದೇನಾ ಅಂತ ಕೇಳಿತು. ಒಂದಲ್ಲ. ‘ಅಲ್ಲ’ ಅಂತ ಒತ್ತಲು ಗುಂಡಿಯೇ ಇಲ್ಲ, ‘ಹೌದು’ ಮಾತ್ರ ಇದೆ.

ಬೆಣ್ಣೆನಗರಿ

ಈಗಲೇ ನೋಡಿದೆ ಅಕ್ಕಾ, ನಿಜ. 30ನೇ ದಿನದ ಮೊದಲ ಕೆಲಸ ಅದೇ. ಮಧ್ಯಾಹ್ನದೊಳಗೆ ‘ಅಲ್ಲ’ ಬರುತ್ತದೆ, ಇನ್ನೊಮ್ಮೆ ತೆರೆದು ನೋಡಿ.